ಕಟಕಟ ಅಲ್ಲ, ಲೊಡಲೊಡ!

ಇಲಿ ಬರದಿರಲು ಸಾವಿರದ ಇನ್ನೂರು ರೂಪಾಯಿ!

ಕಳೆದ ಮಂಗಳವಾರ ನನ್ನ ಕಾರಿನ ಎಸ್ಟಿಮೇಟಿನಲ್ಲಿ ಹೀಗೊಂದು ಸಾಲಿತ್ತು. ‘ಇಲಿ ನಿರೋಧಕ ಸ್ಪ್ರೇ.’ ನಮ್ಮ ಕಾರಿನಡಿ ಎರಡು ಬೆಕ್ಕುಗಳು ಬಾಡಿಗೆ ಕೊಡದೆ ಮೂರು ವರ್ಷಗಳಿಂದ ಸಂಸಾರ ಮಾಡಿಕೊಂಡಿವೆ. ಅವು ಇರುವ ಕಡೆಗೆ ಇಲಿ ಬರುವುದಾದರೂ ಯಾಕೆ? ಅದರ ಕೆಳಗಿನ ಸಾಲು ಇನ್ನೂ ಚೆನ್ನಾಗಿತ್ತು. ‘ಎಂಜಿನ್ ಡ್ರೆಸ್ಸಿಂಗ್, ಎಂಟುನೂರು.’ ಬೆಳಗ್ಗೆ ಏಳೂವರೆಗೆ ಸ್ಕೂಲಿಗೆ ಓಡುವ ನನಗೇ ಡ್ರೆಸ್ಸಿಂಗಿಗೆ ಪುರಸೊತ್ತಿಲ್ಲ. ಬಾನೆಟ್ ಒಳಗೆ ಕೂತು ಯಾರ ಕಣ್ಣಿಗೂ ಬೀಳದ ಎಂಜಿನ್ನಿಗೆ ಅಲಂಕಾರ ಬೇರೆ!

ಕೊನೆಯಲ್ಲಿ ಮೊತ್ತ: ನಲವತ್ತೆರಡು ಸಾವಿರದ ಆರುನೂರು.

ನಾನು ಹೋಗಿದ್ದು ಮಾಮೂಲಿ ವಾರ್ಷಿಕ ಸರ್ವಿಸ್‌ಗೆ. ಜೊತೆಗೆ ಒಂದೇ ಒಂದು ದೂರು. ಹಂಪ್ ಹತ್ತಿ ಇಳಿಯುವಾಗ ಮುಂದಿನ ಎಡಗಡೆಯಿಂದ ಏನೋ ಶಬ್ದ. (ನಮ್ಮ ಜಾಲಹಳ್ಳಿಯಿಂದ ಚಿಕ್ಕಬಾಣಾವರದ ನನ್ನ ಸ್ಕೂಲಿಗೆ ಎಷ್ಟು ಹಂಪ್ ಇವೆ ಎಂದು ಕೇಳಬೇಡಿ. ಹಂಪ್‌ಗಳ ನಡುವೆ ಅಲ್ಲಲ್ಲಿ ರಸ್ತೆ ಇದೆ.)

ಪೀಣ್ಯದ ಹತ್ತಿರದ ಆ ಕಂಪನಿ ಸರ್ವಿಸ್ ಸೆಂಟರ್ ಬಹಳ ಚಂದ. ಒಳಗೆ ಹೋದರೆ ಎಸಿ, ಕಾಫಿ ಮಷಿನ್, ಮೆತ್ತನೆ ಸೋಫಾ. ಸರ್ವಿಸ್ ಅಡ್ವೈಸರ್ ಪ್ರವೀಣ್ ಟ್ಯಾಬ್ ಹಿಡಿದುಕೊಂಡು ನಗುತ್ತ ಬಂದರು.

“ಎಂಥ ಸೌಂಡ್ ಮೇಡಂ?”

“ಕಟಕಟ ಅನ್ನುತ್ತೆ.”

ಪ್ರವೀಣ್ ಟ್ಯಾಬ್‌ನಲ್ಲಿ ಬೆರಳಾಡಿಸಿದರು. ಮೇಲೆ ಹುಡುಕಿದರು, ಕೆಳಗೆ ಹುಡುಕಿದರು. ಅದರಲ್ಲಿ ಕಟಕಟ ಇರಲಿಲ್ಲ.

“ಅಬ್‌ನಾರ್ಮಲ್ ನಾಯ್ಸ್ ಅಂತ ಹಾಕ್ತೀನಿ ಮೇಡಂ,” ಎಂದವರು ನನ್ನ ಪಕ್ಕಕ್ಕೆ ತಿರುಗಿ, “ಸಾರ್, ನಿಮ್ಮ ಮೊಬೈಲ್ ನಂಬರ್?” ಎಂದರು.

ಕಾರು ನನ್ನದು. ಆರ್‌ಸಿ ನನ್ನ ಹೆಸರಿನಲ್ಲಿದೆ. ನನ್ನ ಪಿಎಫ್‌ನಿಂದ ದುಡ್ಡು ತೆಗೆದು ಕೊಂಡದ್ದು. ಓಡಿಸುವುದು ನಾನು. ಆದರೂ ನಂಬರ್ ಮಾತ್ರ ಸಾರ್‌ದು! ನಮ್ಮ ಮನೆಯವರು ಕೇಳಿದ್ದೇ ತಡ, ಗಂಭೀರವಾಗಿ ಹತ್ತು ಅಂಕಿ ಹೇಳಿ ಮುಗಿಸಿದರು.

ಇವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಸೀಲು, ಸಹಿ, ಬಿಲ್ಲು ಈ ಮೂರೂ ಇರುವ ಕಾಗದ ಕಂಡರೆ ಕೈ ಮುಗಿಯುವಷ್ಟು ಭಕ್ತಿ. ಎರಡು ಗಂಟೆ ಕಾದ ಮೇಲೆ ಎಸ್ಟಿಮೇಟ್ ಬಂದಾಗ ಮೊತ್ತ ನೋಡಿ ಒಂದು ಕ್ಷಣ ಬೆಚ್ಚಿದರೂ ತಕ್ಷಣ ಸುಧಾರಿಸಿಕೊಂಡು, “ಕಂಪನಿ ಅಂದ್ರೆ ಕಂಪನಿನೇ ಕಣೇ. ನೋಡು, ಪ್ರತಿಯೊಂದಕ್ಕೂ ಪಾರ್ಟ್ ನಂಬರ್ ಹಾಕಿದಾರೆ,” ಎಂದರು.

ಹಾಕಿದ್ದರು, ನಿಜ. ಎರಡೂ ಕಡೆಯ ಲೋಯರ್ ಆರ್ಮ್, ಎರಡೂ ಕಡೆಯ ಲಿಂಕ್ ರಾಡ್, ಎರಡು ಶಾಕ್ ಅಬ್ಸಾರ್ಬರ್, ಅವುಗಳ ಲೇಬರ್. ಎಡಗಡೆ ಶಬ್ದ ಎಂದು ಹೇಳಿದ ತಪ್ಪಿಗೆ ಬಲಗಡೆಗೂ ಶಿಕ್ಷೆ.

ಆಮೇಲೆ ಪ್ರವೀಣ್ ಇವರ ಕಡೆ ಬಾಗಿ ಮೆತ್ತಗೆ ಹೇಳಿದರು. “ಸಾರ್, ಒಂಬತ್ತು ವರ್ಷದ ಗಾಡಿಗೆ ಇಷ್ಟು ಹಾಕೋ ಬದ್ಲು ಎಕ್ಸ್‌ಚೇಂಜ್ ಮಾಡ್ಬಿಡಿ. ಭಾನುವಾರದ ತನಕ ಆಫರ್ ಇದೆ. ಆಟೊಮ್ಯಾಟಿಕ್ ಬಂದಿದೆ, ದೊಡ್ಡ ಗಾಡಿ.”

ಇವರ ಮುಖ ಅರಳಿತು. ದೊಡ್ಡ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ ಬಂದರು. “ಭಾನುವಾರದ ಒಳಗೆ ಹೇಳ್ತೀವಿ” ಎಂದರು. ‘ಹೇಳ್ತೀವಿ’ ಎಂಬ ಬಹುವಚನದಲ್ಲಿ ನಾನೂ ಇದ್ದೆನಂತೆ.

ನನಗೆ ಅಳು ಬರುವಂತಾಯಿತು. ಕಬ್ಬಿಣದ ಡಬ್ಬಕ್ಕೆ ಯಾಕಿಷ್ಟು ಮೋಹ ಅಂತೀರಾ? ನಾನು ಕಾರು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಈ ಕಾರಿನಲ್ಲೇ. ಜಾಲಹಳ್ಳಿ ಕ್ರಾಸಿನ ನಟ್ಟನಡುವೆ ಮೂರು ಸಲ ಆಫ್ ಮಾಡಿಕೊಂಡು ಬಿಎಂಟಿಸಿ ಡ್ರೈವರಿನಿಂದ ಬೈಸಿಕೊಂಡು ಕಲಿತೆ. ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕಾದರೂ ಇವರ ಸ್ಕೂಟರಿನ ಹಿಂದೆ ಕೂತು, ಇವರ ಟೈಮಿಗೆ ಕಾದು ಹೋಗುತ್ತಿದ್ದವಳು ನಾನು. ದೊಡ್ಡ ಗಾಡಿ ಬಂದರೆ ಏನಾಗುತ್ತದೆಂದು ಗೊತ್ತಿಲ್ಲವೇ? “ಹೊಸದು, ಗೆರೆ ಬೀಳುತ್ತೆ. ಸದ್ಯಕ್ಕೆ ನಾನು ಓಡಿಸ್ತೀನಿ, ನೀನು ಆಮೇಲೆ ಓಡಿಸುವೆಯಂತೆ.” ಗಂಡಸರ ಆಮೇಲೆ ಎಷ್ಟು ಉದ್ದವಿರುತ್ತದೆ ಎಂದು ನನ್ನ ಓದುಗ ಅಕ್ಕತಂಗಿಯರಿಗೆ ನಾನು ಹೇಳಬೇಕಾಗಿಲ್ಲ. ಹಳೆ ಕಾರು ಹೋದರೆ ನನ್ನ ಸ್ಟೀರಿಂಗೂ ಹೋದಂತೆ. ನನ್ನ ಹತ್ತಿರ ಇದ್ದದ್ದು ಐದು ದಿನ.

ಎಸ್ಟಿಮೇಟ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಗಾಡಿ ವಾಪಸ್ ತಂದೆ. ಮರುದಿನ ಸ್ಕೂಲ್ ವ್ಯಾನಿನ ಡ್ರೈವರ್ ಹತ್ತಿರ ಗೋಳು ಹೇಳಿಕೊಂಡಾಗ ಅವರು, “ಈರಣ್ಣನ ಹತ್ರ ತೋರ್ಸಿ ಮೇಡಂ, ಇಲ್ಲೇ ಸ್ಟೇಷನ್ ಹತ್ರ,” ಎಂದರು.

ಗುರುವಾರ ಸಂಜೆ ಹೋದೆ. ಇವರೂ ಬಂದರು, ಇನ್‌ಸ್ಪೆಕ್ಷನ್‌ಗೆ. ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿಂದ ಸ್ವಲ್ಪ ದೂರದಲ್ಲಿ ಒಂದು ತಗಡಿನ ಶೆಡ್ಡು. ಸೋಫಾ ಇಲ್ಲ, ಒಂದು ಹಳೆ ವ್ಯಾನಿನ ಸೀಟು ಇತ್ತು. ಈರಣ್ಣ ಐವತ್ತರ ಆಸುಪಾಸಿನವರು, ಗದಗದ ಕಡೆಯವರು. ಪೀಣ್ಯದ ಫ್ಯಾಕ್ಟರಿಯೊಂದಕ್ಕೆ ಲೇತ್ ಕೆಲಸಕ್ಕೆ ಬಂದು, ಆಮೇಲೆ ಗ್ಯಾರೇಜ್ ಇಟ್ಟವರು.

“ಏನ್ ತ್ರಾಸ ಐತ್ರಿ ಅಕ್ಕಾರ?”

“ಕಟಕಟ ಅಂತ ಶಬ್ದ ಬರ್ತಿದೆ.”

ಅವರು ಬಾನೆಟ್ ತೆಗೆಯಲಿಲ್ಲ. ಟೈರು ಒದೆಯಲಿಲ್ಲ. ಸೀದಾ ಬಂದು ಮುಂದಿನ ಎಡಗಡೆ ಸೀಟಿನಲ್ಲಿ ಕೂತು, “ಹೊಡೀರಿ,” ಎಂದರು.

“ಯಾರಿಗೆ?” ಎಂದೆ.

“ಗಾಡಿ ಹೊಡೀರಿ ಅಕ್ಕಾರ!”

ಓಹ್, ಓಡಿಸಬೇಕು! ನಾನು ಮೈಸೂರು ಕಡೆಯವಳು. ನಮ್ಮಲ್ಲಿ ಗಾಡಿ ಓಡಿಸುತ್ತಾರೆ, ಹೊಡೆಯುವುದು ಮಕ್ಕಳಿಗೆ. ಆದರೆ ಆ ಗಳಿಗೆಯಲ್ಲಿ ನನಗೆ ಆಶ್ಚರ್ಯವಾದದ್ದು ಮಾತಿಗಲ್ಲ. ಯಾವ ಮೆಕ್ಯಾನಿಕ್ಕೂ ಇದುವರೆಗೆ ನನ್ನನ್ನು ಓಡಿಸಿ ಎಂದಿರಲಿಲ್ಲ. ಎಲ್ಲರೂ ಕೀ ಕೇಳಿದವರೇ. “ಸೌಂಡ್ ನಿಮ್ಮ ಕೈಯಾಗ ಬರತೈತಿ. ನಾ ಹೊಡದ್ರ ಬ್ಯಾರೆ ಆಗತೈತ್ರಿ,” ಎಂದು ಅವರೇ ಕಾರಣ ಹೇಳಿದರು.

ಇವರು ಹಿಂದಿನ ಸೀಟಿನಲ್ಲಿ. ನಾನು ಹೊರಟೆ. ಸ್ವಲ್ಪ ದೂರ ಹೋಗುತ್ತಿದ್ದಂತೆ ಪಕ್ಕಕ್ಕೆ ನೋಡಿದರೆ, ಈರಣ್ಣ ಕಣ್ಣು ಮುಚ್ಚಿ ಕೂತಿದ್ದಾರೆ! ನಾನು ಓಡಿಸುವಾಗ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ ಮೊದಲ ಗಂಡಸು. (ಭಯದಿಂದ ಮುಚ್ಚಿದವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.)

“ಕ್ಲಚ್ ಬಿಡೇ, ಹಂಪ್ ಬಂತು, ಸೆಕೆಂಡಿಗೆ ಹಾಕು, ಬಲಗಡೆ ಆಟೊ...” ಹಿಂದಿನ ಸೀಟಿನ ಕಾಮೆಂಟರಿ ಶುರುವಾಯಿತು.

ಈರಣ್ಣ ಕಣ್ಣು ತೆರೆಯದೆಯೇ, “ಸಾಹೇಬ್ರ, ಗದ್ಲ ಮಾಡಬ್ಯಾಡ್ರಿ. ಗಾಡಿ ಮಾತಾಡಾಕತ್ತೈತಿ,” ಎಂದರು.

ಇವರು ಗಪ್‌ಚುಪ್. ಒಂಬತ್ತು ವರ್ಷಗಳಲ್ಲಿ ಆ ಕಾರಿನೊಳಗೆ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಈರಣ್ಣನಿಗೆ ಕೊಡಬೇಕಾದ ದುಡ್ಡಿನಲ್ಲಿ ಅರ್ಧ ಇದಕ್ಕೇ ಸಲ್ಲಬೇಕು ಎಂದುಕೊಂಡೆ.

ಮೂರು ಹಂಪ್ ಆಯಿತು. ನಾಲ್ಕನೆಯದರಲ್ಲಿ ಅವರು ಕಣ್ಣು ಬಿಟ್ಟರು.

“ಇದು ಕಟಕಟ ಅಲ್ರಿ ಅಕ್ಕಾರ. ಲೊಡಲೊಡ.”

“ಎರಡೂ ಒಂದೇ ಅಲ್ವಾ?”

“ಒಂದ ಹೆಂಗಾಗತೈತ್ರಿ? ಕಟಕಟ ಅಂದ್ರ ಕಬ್ಬಿಣಕ್ಕ ಕಬ್ಬಿಣ ಬಡೀತೈತಿ, ಲಿಂಕ್ ರಾಡ್ ಹೋಗೈತಿ ಅಂತ. ಲೊಡಲೊಡ ಅಂದ್ರ ಒಳಗಿನ ರಬ್ಬರ್ ಹರದೈತಿ, ಜಾಗ ಸಡ್ಲಾಗೈತಿ. ಗುಂಯ್ ಅಂದ್ರ ಬೇರಿಂಗ್. ಕಿರ್ರ್ ಅಂದ್ರ ಬ್ರೇಕ್ ಪ್ಯಾಡ್. ನೀವು ಕಟಕಟ ಅಂದಿದ್ದ ನಂಬಿದ್ರ ನಾ ಸುಮ್ನ ಲಿಂಕ್ ರಾಡ್ ಬಿಚ್ಚಿ ಕೂಡ್ತಿದ್ದೆ.”

ನನ್ನ ಕಿವಿ ಬಿಸಿಯಾಯಿತು. ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ಕಲಿಸುವುದು ಕನ್ನಡ! ಇಪ್ಪತ್ತೆರಡು ವರ್ಷಗಳಿಂದ ‘ಅನುಕರಣಾವ್ಯಯಕ್ಕೆ ಎರಡು ಉದಾಹರಣೆ ಕೊಡಿ’ ಎಂಬ ಒಂದು ಅಂಕದ ಪ್ರಶ್ನೆ ಕೇಳುತ್ತಿದ್ದೇನೆ. ಮಕ್ಕಳು ಸರಸರ, ಪಟಪಟ ಎಂದು ಬರೆಯುತ್ತಾರೆ. ನಾನು ಸರಸರ ಅಂಕ ಹಾಕುತ್ತೇನೆ. ಸರಸರಕ್ಕೂ ಪಟಪಟಕ್ಕೂ ಏನು ವ್ಯತ್ಯಾಸ ಎಂದು ಒಂದು ದಿನವೂ ಯಾರನ್ನೂ ಕೇಳಿದವಳಲ್ಲ. ಈರಣ್ಣ ಆ ಒಂದು ಅಂಕದಲ್ಲೇ ಸಂಸಾರ ನಡೆಸುತ್ತಿದ್ದಾರೆ.

ಶುಕ್ರವಾರ ಕೆಲಸವಾಯಿತು. ಎಡಗಡೆಯ ಆರ್ಮ್, ಅಂದರೆ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು, ಬಿಚ್ಚಿ ಸ್ಕೂಟರಿನಲ್ಲಿ ಪೀಣ್ಯಕ್ಕೆ ಒಯ್ದು, ಪ್ರೆಸ್ ಮಷಿನ್ನಿನಲ್ಲಿ ಒತ್ತಿಸಿ, ಎರಡು ಹೊಸ ಬುಷ್ ಕೂರಿಸಿಕೊಂಡು ಬಂದರು. ಬುಷ್ ಎಂದರೆ ಗಾಬರಿಯಾಗಬೇಡಿ, ಕೋಡುಬಳೆ ಗಾತ್ರದ ರಬ್ಬರ್ ಬಳೆ, ಅಷ್ಟೆ. ಹರಿದುಹೋದ ಹಳೆಯದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಹೋಲಿಕೆ ಮಾಡಿದರೆ ನ್ಯಾಯವಾಗಿ ಮಾಡಬೇಕಲ್ಲ? ಅದಕ್ಕೆ ಎಂಜಿನ್ ಆಯಿಲ್, ಫಿಲ್ಟರ್‌ಗಳನ್ನೂ ಅಲ್ಲೇ ಬದಲಾಯಿಸಿದೆ. ಎರಡು ಬುಷ್ ಸಾವಿರದ ನೂರು, ಪ್ರೆಸ್ ನಾನೂರು, ಲೇಬರ್ ಸಾವಿರದ ಇನ್ನೂರು, ಆಯಿಲ್ ಫಿಲ್ಟರ್ ಎಲ್ಲ ಸೇರಿ ಮೂರು ಸಾವಿರದ ಏಳುನೂರು. ಒಟ್ಟು ಆರು ಸಾವಿರದ ನಾನೂರು. ಆಯಿಲ್ ಕ್ಯಾನನ್ನು ಈರಣ್ಣ ಇವರಿಂದಲೇ ಅಂಗಡಿಯಿಂದ ತರಿಸಿದರು. ಜಿಎಸ್‌ಟಿ ಬಿಲ್ ಸಿಕ್ಕಿತು. ಸೀಲು, ಸಹಿ ಎರಡೂ ಇದ್ದವು. ಇವರಿಗೆ ಜೀವ ಬಂದಂತಾಯಿತು.

ಇಷ್ಟಕ್ಕೇ ಕಂಪನಿಯವರನ್ನು ಬಯ್ದು ಅಂಕಣ ಮುಗಿಸಬಹುದಿತ್ತು. ಆದರೆ ಅಲ್ಲೊಂದು ತಿರುವು. ಡ್ಯಾಶ್‌ಬೋರ್ಡಿನಲ್ಲಿ ಅವತ್ತು ಬೆಳಗ್ಗೆಯಿಂದ ಏರ್‌ಬ್ಯಾಗಿನ ದೀಪ ಮಿಣುಕುತ್ತಿತ್ತು. “ಇದನ್ನೂ ನೋಡಿಬಿಡಿ,” ಎಂದೆ. ಈರಣ್ಣ ಕೈ ಹಿಂದೆ ತೆಗೆದುಕೊಂಡರು.

“ಅದನ್ನ ನಾ ಮುಟ್ಟಂಗಿಲ್ರಿ. ಅದು ಸೌಂಡ್ ಮಾಡಂಗಿಲ್ಲ, ನನಗ ತಿಳಿಯಂಗಿಲ್ಲ. ಕಂಪನಿಗೇ ಒಯ್ರಿ. ಜೀವದ ವಿಷಯ.”

ನಿಮ್ಮಲ್ಲಿ ಎಷ್ಟು ಜನ ‘ನನಗೆ ಗೊತ್ತಿಲ್ಲ’ ಎಂದ ಮೆಕ್ಯಾನಿಕ್ಕನ್ನು ನೋಡಿದ್ದೀರಿ? ಮೆಕ್ಯಾನಿಕ್ ಬಿಡಿ, ಮೇಷ್ಟ್ರನ್ನು ನೋಡಿದ್ದೀರಾ?

ಶನಿವಾರ ಮಧ್ಯಾಹ್ನ ಮತ್ತೆ ಪೀಣ್ಯಕ್ಕೆ ಹೋದೆ. ಕಂಪ್ಯೂಟರ್ ಸಿಕ್ಕಿಸಿ ಹತ್ತೇ ನಿಮಿಷದಲ್ಲಿ ಸೀಟಿನಡಿಯ ಸಡಿಲ ಕನೆಕ್ಟರ್ ಹುಡುಕಿದರು. ಒಂಬೈನೂರು ರೂಪಾಯಿ. ಖುಷಿಯಾಗಿ ಕೊಟ್ಟೆ. ಆ ಕೆಲಸ ತಗಡಿನ ಶೆಡ್ಡಿನಲ್ಲಿ ಆಗುತ್ತಿರಲಿಲ್ಲ. ಪ್ರವೀಣ್ ಗಾಡಿಯನ್ನು ಒಂದು ರೌಂಡ್ ಹಾಕಿಸಿ ಬಂದು, “ಮೇಡಂ, ಸೌಂಡ್ ಎಲ್ಲೋಯ್ತು?” ಎಂದರು. ಪೇಪರಿನಲ್ಲಿ ಸುತ್ತಿದ್ದ ರಬ್ಬರ್ ತೋರಿಸಿದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ನಿಜ ಹೇಳ್ಬೇಕಂದ್ರೆ ಮೇಡಂ, ನಮ್ಮ ಸಿಸ್ಟಮ್‌ನಲ್ಲಿ ಈ ಬುಷ್‌ಗೆ ಪಾರ್ಟ್ ನಂಬರೇ ಇಲ್ಲ. ಪೂರ್ತಿ ಆರ್ಮೇ ಬರೋದು. ನಾನೇನ್ ಮಾಡ್ಲಿ ಹೇಳಿ? ಒಂದೊಂದು ದಿನ ಹದಿನೈದು ಗಾಡಿ ನೋಡ್ಬೇಕು.”

ಪಾಪ ಅನ್ನಿಸಿತು. ಅವರು ಮೋಸ ಮಾಡಿರಲಿಲ್ಲ. ಅವರ ಟ್ಯಾಬ್‌ನಲ್ಲಿ ಲೊಡಲೊಡ ಇರಲಿಲ್ಲ, ಅಷ್ಟೆ. ಹಾಗಂತ ಎಲ್ಲ ಗ್ಯಾರೇಜಿನಲ್ಲೂ ಒಬ್ಬ ಈರಣ್ಣ ಇರುತ್ತಾರೆಂದು ತಿಳಿಯಬೇಡಿ. ಹಿಂದೊಮ್ಮೆ ರಸ್ತೆ ಬದಿಯ ಮಹಾಶಯನೊಬ್ಬ ಹೊಸದೆಂದು ಹಳೆ ಬ್ಯಾಟರಿ ಕೂರಿಸಿ ಕಳಿಸಿದ್ದ. ವಾರಂಟಿ ಇರುವಷ್ಟು ದಿನ ಕಂಪನಿಗೇ ಹೋಗಿ. ವಾರಂಟಿ ಮುಗಿದ ಮೇಲೆ ಕಿವಿ ಇರುವವರನ್ನು ಹುಡುಕಿ. ಡಾಕ್ಟರ್ ವಿಷಯದಲ್ಲೂ ನಾನು ಹೇಳುವುದು ಇದನ್ನೇ.

ಭಾನುವಾರ. ಎಕ್ಸ್‌ಚೇಂಜ್ ಆಫರಿನ ಕಡೆಯ ದಿನ. ನಾವಿಬ್ಬರೂ ಜಿಗಣಿಯಲ್ಲಿರುವ ನನ್ನ ನಾದಿನಿಯ ಮನೆಗೆ ಹೊರಟಿದ್ದೆವು. ದೊಡ್ಡ ಗಾಡಿಯ ವಿಷಯ ಇವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ಭಯ. ನೈಸ್ ರಸ್ತೆಯಲ್ಲಿ ಕಾರು ಲೊಡ ಎನ್ನದೆ ಹೋಗುತ್ತಿತ್ತು. ಆಗ ಇವರ ಫೋನ್ ರಿಂಗಾಯಿತು. ಸ್ಪೀಕರಿಗೆ ಹಾಕಿದರು. ಶೋರೂಮಿನ ಸೇಲ್ಸ್‌ನವರು.

“ಸಾರ್, ಆಫರ್ ಇವತ್ತೇ ಲಾಸ್ಟು. ನಿಮ್ಮ ಹಳೆ ಗಾಡಿ ತಗೊಂಡು ಬರೋಕೆ ಯಾರನ್ನಾದ್ರೂ ಕಳಿಸ್ಲಾ?”

ಇವರು ಗಂಟಲು ಸರಿಮಾಡಿಕೊಂಡರು.

“ನನ್ನನ್ನ ಕೇಳಿದ್ರೆ ಹೇಗಪ್ಪ? ಯಜಮಾನ್ರು ಗಾಡಿ ಓಡಿಸ್ತಿದಾರೆ. ಆಮೇಲೆ ಮಾಡಿ.”

ಯಜಮಾನ್ರು! ಮದುವೆಯಾದಾಗಿನಿಂದ ಗ್ಯಾಸಿನವರು, ಬ್ಯಾಂಕಿನವರು, ಬೀಗರು ಯಾರೇ ಫೋನ್ ಮಾಡಿದರೂ ನಾನು ಇವರ ಬಗ್ಗೆ ಹೇಳುತ್ತಿದ್ದ ಮಾತು ಅದು. ಇವರು ಅದನ್ನು ಹಾಗೇ ಎತ್ತಿ ನನಗೆ ಕೊಟ್ಟು, ಫೋನ್ ಜೇಬಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು.

ಇದಕ್ಕಿಂತ ಒಳ್ಳೆಯ ಎಕ್ಸ್‌ಚೇಂಜ್ ಆಫರ್ ಯಾವ ಶೋರೂಮಿನವರು ಕೊಡುತ್ತಾರೆ, ನೀವೇ ಹೇಳಿ?