ಯಾರಿಗೆ ಸೋಡಚೀಟಿ

ಇವತ್ತು ಬೆಳಗ್ಗೆ ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೆ ಇಬ್ಬರು ಹೆಂಗಸರು. ಒಬ್ಬಾಕೆ ಹೊಸ ಮೊಬೈಲನ್ನು ಸೆರಗಿನಿಂದ ಒರೆಸಿ ಒರೆಸಿ ತೋರಿಸುತ್ತಿದ್ದಳು. “ಹಳೇದು ಏನ್ ಮಾಡಿದಿ?” ಎಂದು ಇನ್ನೊಬ್ಬಾಕೆ ಕೇಳಿದಳು. “ಅದಕ್ಕ ಸೋಡಚೀಟಿ ಕೊಟ್ಟೆ ತಗೋ! ಎಷ್ಟು ವರ್ಷ ಅಂತ ಬಾಳೇ ಮಾಡೂದು ಅದರ ಕೂಡ?” ಇಬ್ಬರೂ ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದ ತೆಲುಗಿನ ಹುಡುಗಿ ಅರ್ಥವಾಗದೆಯೂ ನಕ್ಕಳು. ಅರ್ಥವಾದ ನಾನು ಮಾತ್ರ ನಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ, ಮತ್ತೆ ಬಂದು ಕೂತೆ, ಮತ್ತೆ ಎದ್ದೆ.

ನೀವು ನನ್ನ ಹಾಗೆ ಮೈಸೂರಿನ ಕಡೆಯವರಾಗಿದ್ದರೆ ಈ ಪದ ನಿಮಗೆ ಹೊಸದಿರಬಹುದು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ ಎಂದರೆ ವಿಚ್ಛೇದನ. ಗಂಡ ಹೆಂಡತಿ ಬೇರೆಯಾದದ್ದಕ್ಕೆ ಬರೆದುಕೊಡುವ ಚೀಟಿ. ನಾನು ಅದನ್ನು ಕಲಿತದ್ದು ಕಾಚಿಗೂಡದ ಒಂದು ಮನೆಯ ಮುಂದಿನ ಕೋಣೆಯಲ್ಲಿ, ಆ ಮಾತು ಕಿವಿಗೆ ಬಿದ್ದೊಡನೆ ಒಬ್ಬ ಹೆಂಗಸಿನ ಮುಖ ಕಪ್ಪಿಟ್ಟದ್ದನ್ನು ನೋಡಿ. ಇವತ್ತು ನಾನು ಹೊರಟಿದ್ದೂ ಅದೇ ಮನೆಗೆ. ಅಲ್ಲಿಗೆ ಬರಲಿದ್ದವರೂ ಅದೇ ಹೆಂಗಸು, ಅವರ ಗಂಡ. ಯಾಕೆ ಬರುತ್ತಿದ್ದಾರೆಂದು ಆ ಮನೆಯೊಡತಿ ಫೋನಿನಲ್ಲಿ ಹೇಳಿರಲಿಲ್ಲ. ರೈಲಿನಲ್ಲಿ ನನಗೆ ಕೂರಲು ನಿಲ್ಲಲು ಆಗದಿದ್ದದ್ದು ಅದಕ್ಕೇ.

ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನಾನಿದ್ದದ್ದು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ವಕೀಲೆಯ ಮನೆಯ ಮಹಡಿಯ ಮೇಲೆ. ಆಫೀಸು ಊರಿನ ಆ ತುದಿ, ಮನೆ ಈ ತುದಿ. ಇಷ್ಟು ದೂರ ಯಾಕಿದ್ದೀಯ ಎಂದು ಆಫೀಸಿನವರು ನಗುತ್ತಿದ್ದರು. ಊರಿನ ಕಡೆ ಹೋಗುವ ರೈಲು ಕಾಚಿಗೂಡದಿಂದ ಹೊರಡುತ್ತದೆ, ಅದರ ಕೂಗು ಕೇಳುತ್ತಿದ್ದರೆ ನನಗೆ ಧೈರ್ಯ ಎಂದು ಅವರಿಗೆ ಹೇಗೆ ಹೇಳಲಿ? ಹೊಸ ಸಾಫ್ಟ್‌ವೇರ್ ಗ್ರಾಹಕರ ಕೈಸೇರುವ ಮೊದಲು ಅದರ ತಪ್ಪುಗಳನ್ನು ಹುಡುಕುವುದು ನನ್ನ ಉದ್ಯೋಗ. ಸ್ವಭಾವವೂ ಹೆಚ್ಚುಕಡಿಮೆ ಅದೇ. ಡೈರಿಯಲ್ಲಿ ತಾರೀಖು ಹಾಕಿ, ಬಸ್ಸು ಎಷ್ಟು ತಡ, ತಿಂಡಿ ಏನು, ಎಷ್ಟು ಹೊಸ ಪದ ಕಲಿತೆ ಎಂದು ದಿನವೂ ಬರೆಯುತ್ತೇನೆ. ಅಮ್ಮ ಒಮ್ಮೆ ಕದ್ದು ಓದಿ, “ಇದೇನೇ, ಹವಾಮಾನ ಇಲಾಖೆಯವರು ಬರೆದ ಹಾಗಿದೆ! ಇದರಲ್ಲಿ ನೀನೆಲ್ಲಿದ್ದೀಯ?” ಅಂದಿದ್ದಳು. ಸೋಡಚೀಟಿ ಕಲಿತ ದಿನದ ಪುಟ ತೆಗೆದು ನೋಡಿದರೆ ಇರುವುದು ಇಷ್ಟೇ: ಶನಿವಾರ. ಕರೆಂಟ್ ಇಲ್ಲ. ಹೊಸ ಪದ ಒಂದು.

ವಕೀಲೆಯನ್ನು ನಾನು ಆಂಟಿ ಎನ್ನುತ್ತಿದ್ದೆ. ತೆಲುಗಿನವರು, ಐವತ್ತು ದಾಟಿದವರು, ಕಾಚಿಗೂಡದಲ್ಲೇ ಹುಟ್ಟಿ ಬೆಳೆದವರು. ಚಿಕ್ಕಂದಿನಲ್ಲಿ ಪಕ್ಕದ ಮನೆಯವರು ಬೀದರಿನ ಕಡೆಯವರಾಗಿದ್ದರಂತೆ. ಆ ಬಲದ ಮೇಲೆ, “ನಾನು ಕನ್ನಡ ಬರುತ್ತೆ” ಎಂದು ಎಲ್ಲರಿಗೂ ಹೇಳುತ್ತಿದ್ದರು. ತಿದ್ದಲು ಹೋದರೆ, “ಮೈಸೂರಿನದು ಕನ್ನಡ ಅಲ್ಲ ಬೇಟಾ, ಅದು ಪೇಪರ್ ಭಾಷೆ” ಎಂದು ನನ್ನನ್ನೇ ಗದರುತ್ತಿದ್ದರು.

ಆಂಟಿಯ ಹತ್ತಿರ ಬರುತ್ತಿದ್ದವರಲ್ಲಿ ಮಕ್ಕಳಿಗಾಗಿ ಚಿಕಿತ್ಸೆ ಮಾಡಿಸಿಕೊಳ್ಳುವ ದಂಪತಿಗಳೇ ಬಹಳ. ದಾನಿಯ ಅಂಡಾಣು, ದಾನಿಯ ವೀರ್ಯ ಪಡೆದು ಮಗು ಮಾಡಿಕೊಳ್ಳುವುದೆಂದರೆ ನಾಳೆ ಅದು ಯಾರ ಮಗು ಎಂಬ ಪ್ರಶ್ನೆ ಏಳುತ್ತದೆ. ಆಗ ಇದಕ್ಕೆಂದೇ ಒಂದು ಕಾಯ್ದೆ ಇನ್ನೂ ಬಂದಿರಲಿಲ್ಲ. ಮಾರ್ಗಸೂಚಿಗಳಿದ್ದವು, ಉಳಿದದ್ದನ್ನು ವಕೀಲರು ಒಪ್ಪಿಗೆ ಪತ್ರಗಳಲ್ಲಿ ಬಿಗಿಯಬೇಕಿತ್ತು. ರಾಯಚೂರು, ಯಾದಗಿರಿ ಕಡೆಯಿಂದ ರೈಲಿಳಿದು ಬರುವವರಿಗೆ ಆಂಟಿಯ ಮಾತು ಅರ್ಥವಾಗದಿದ್ದರೆ ಮಹಡಿಯ ಕಡೆ ಮುಖ ಮಾಡಿ ನನ್ನನ್ನು ಕೂಗುತ್ತಿದ್ದರು. ಮದುವೆಯೇ ಆಗದ ನಾನು ಕೂತು ಗಂಡ ಹೆಂಡಿರ ಗುಟ್ಟುಗಳನ್ನು ಅನುವಾದಿಸುತ್ತಿದ್ದೆ, ಕಣ್ಣು ಸದಾ ನೆಲದ ಮೇಲೆ.

ಆ ಶನಿವಾರ ಬಂದವರು ರಾಯಚೂರಿನ ಕಡೆಯ ವೀರೇಶ ಮತ್ತು ಶರಣಮ್ಮ. ಅವರದು ಟೈರಿನ ಅಂಗಡಿ. ಮದುವೆಯಾಗಿ ಬಹಳ ವರ್ಷವಾಗಿತ್ತು. ಶರಣಮ್ಮನ ಅಂಡಾಣುಗಳಲ್ಲಿ ಬಲವಿಲ್ಲ, ಬೇರೆ ಹೆಂಗಸಿನ ಅಂಡಾಣು ಪಡೆದು ಇವರ ಗರ್ಭದಲ್ಲಿ ಬೆಳೆಸಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ನಾಚಿಕೊಂಡು, “ಅಂಡಾಣು ದಾನಿ...” ಎಂದು ಶುರುಮಾಡಿದೆ. ಶರಣಮ್ಮ ತಡೆದರು.

“ತತ್ತಿ ಅನ್ರಿ ಅಕ್ಕಾರ. ಯಾಕ ಅಷ್ಟು ನಾಚತೀರಿ? ಡಾಕ್ಟರು ಹಂಗ ಹೇಳ್ಯಾರ ನಮಗ.”

ನನಗಿಂತ ಎಂಟು ಹತ್ತು ವರ್ಷ ದೊಡ್ಡವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ವೀರೇಶನದು ಒಂದೇ ಚಿಂತೆ: “ತತ್ತಿ ಕೊಟ್ಟಾಕಿ ನಾಳೆ ಬಂದು ಕೂಸು ನಂದು ಅಂದ್ರ ಏನ್ ಮಾಡೂದ್ರಿ?” ಆತ ಕುರ್ಚಿಯಲ್ಲಿ ನೆಟ್ಟಗೆ ಕೂರಲಾರದೆ ಒಂದು ಕಾಲು ಕುಣಿಸುತ್ತಲೇ ಇದ್ದ. ಫ್ಯಾನ್ ನಿಂತಿತ್ತು. ಕೊಟ್ಟವಳ ಗುರುತು ಇವರಿಗೆ ತಿಳಿಯುವುದಿಲ್ಲ, ಇವರ ಗುರುತು ಅವಳಿಗೆ ತಿಳಿಯುವುದಿಲ್ಲ, ತನಗೆ ಯಾವ ಹಕ್ಕೂ ಇಲ್ಲವೆಂದು ಅವಳು ಮೊದಲೇ ಬರೆದುಕೊಡುತ್ತಾಳೆ ಎಂದು ಆಂಟಿ ನನಗೆ ವಿವರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೇ ತಡೆಯಲಾಗದೆ ಶರಣಮ್ಮನ ಕೈಹಿಡಿದು ತಮ್ಮ ಕನ್ನಡದಲ್ಲಿ ಧೈರ್ಯ ಹೇಳಿದರು:

“ಫಿಕರ್ ನಕ್ಕೋ ಅಮ್ಮಾ. ಸೋಡಚೀಟಿ ಬರೆಸ್ತೀನಿ. ಪಕ್ಕಾ ಬರೆಸ್ತೀನಿ!”

ಶರಣಮ್ಮ ಕೈ ಕಿತ್ತುಕೊಂಡು ಎದ್ದು ನಿಂತರು. “ಇದಕ್ಕೇನ್ರಿ ನನ್ನ ಕರಕೊಂಡು ಬಂದಿದ್ದು?” ಎಂದು ಗಂಡನನ್ನು ಕೇಳಿದರು. ದನಿ ಜೋರಿರಲಿಲ್ಲ. “ಮೊದಲ ಹೇಳಿದ್ರ ಅಲ್ಲೇ ಬರದುಕೊಡತಿದ್ದೆ. ರೈಲ್ ಚಾರ್ಜರೆ ಉಳೀತಿತ್ತು.”

“ಏ, ನಿನಗಲ್ಲ ಅದು! ತತ್ತಿ ಕೊಟ್ಟಾಕಿಗೆ!”

“ಆಕಿಗೆ ಯಾಕ ಸೋಡಚೀಟಿ? ಆಕಿನ್ನ ಯಾವಾಗ ಮದುವಿ ಆದ್ರಿ?”

ಆಂಟಿ ಕಂಗಾಲಾಗಿ, “ಕ್ಯಾ ಬೋಲ್ರಿ ಇನೇ?” ಎಂದು ನನ್ನನ್ನು ಕೇಳುತ್ತಿದ್ದರು. ಇವರು ಏನು ಹೇಳುತ್ತಿದ್ದಾರೆಂದು ನನಗೂ ಗೊತ್ತಿಲ್ಲ! ವೀರೇಶನೇ ಆ ಪದದ ಅರ್ಥ ಬಿಡಿಸಿ ಹೇಳಿದ. ಆಂಟಿಯ ಚಿಕ್ಕಂದಿನಲ್ಲಿ ಪಕ್ಕದ ಮನೆಯ ಬೀದರಿನಮ್ಮ ಹಾಲಿನವನನ್ನು ಬದಲಿಸಿದಾಗ, ಕೆಲಸದವಳನ್ನು ಬಿಡಿಸಿದಾಗಲೆಲ್ಲ ಈ ಪದ ಬಳಸುತ್ತಿದ್ದರಂತೆ. ಆಂಟಿ ಅದನ್ನು ಬಿಡುಗಡೆ ಪತ್ರ ಎಂದುಕೊಂಡೇ ಬೆಳೆದಿದ್ದರು. ಅರ್ಥ ತಿಳಿದಾಗ ಹಣೆ ಚಚ್ಚಿಕೊಂಡರು. ಶರಣಮ್ಮನೂ ನಕ್ಕರು. ಆದರೆ ಕೂರಲಿಲ್ಲ.

“ಒಂದು ಮಾತು ಕೇಳತೀನಿ ಅಕ್ಕಾರ, ವಕೀಲಮ್ಮಗ ಹೇಳ್ರಿ. ಗುರುತಿಲ್ಲದಾಕಿ ಯಾಕ ಬರತಾಳ್ರಿ ಕೂಸು ಕೇಳಾಕ? ಬರೋರು ಮನ್ಯಾಗಿನವ್ರು. ಆಕಿ ತತ್ತಿ ಕೊಡೂದು ನನಗೋ, ಇವ್ರಿಗೋ? ನಾಳೆ ಇವ್ರಿಗೆ ಏನರೆ ಆತಂದ್ರ ನಮ್ಮ ಮೈದುನ ಬಂದು, ಕೂಸು ನಮ್ಮ ಅಣ್ಣಂದು, ನಿಂದೇನೈತಿ ಇದರಾಗ, ನಡಿ ತವರಿಗೆ ಅಂದ್ರ ನಾ ಏನ್ ತೋರಸಲಿ?”

ನಾನು ಅನುವಾದಿಸಿದೆ. ಆಂಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆತ್ತವಳ ಹೆಸರೇ ಜನನ ಪ್ರಮಾಣಪತ್ರದಲ್ಲಿ ಬರುತ್ತದೆ, ಅದು ದೊಡ್ಡ ಬಲ. ಆದರೆ ಜಗಳವೆದ್ದರೆ ಯಾರಾದರೂ ಆಸ್ಪತ್ರೆಯ ಕಡತ ಎಳೆದು ತಂದಾರು. ಆದ್ದರಿಂದ ಗಂಡನೂ ಬರೆದುಕೊಡುವುದು ಒಳ್ಳೆಯದು. “ಕೋರ್ಟು ಅದನ್ನು ಎಷ್ಟು ಒಪ್ಪುತ್ತೋ ನಾನು ಹೇಳಲಾರೆ. ಆದರೆ ಇವನ ಬಾಯಿ, ಇವನ ಕಡೆಯವರ ಬಾಯಿ ಕಟ್ಟುತ್ತೆ” ಎಂದರು. ಕೊನೆಯದನ್ನು ನಾನು ಸ್ವಲ್ಪ ಮೃದು ಮಾಡಿ ಹೇಳಿದೆ.

ವೀರೇಶ ಕೆಂಪಗಾದ. “ನಾ ಏನು ಬಿಟ್ಟು ಹೋಗಾಂವೇನು? ಒಳ್ಳೇ ಕೆಲಸಕ್ಕ ಬಂದು ಸಾಯೂ ಮಾತು, ಬಿಡೂ ಮಾತು ಬರೀಬೇಕೇನು?” ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಶರಣಮ್ಮ ಕಿಟಕಿಯ ಸರಳು ಹಿಡಿದು ನಿಂತರು. ಆತ ಗಲ್ಲಿಯ ತುದಿಯ ಚಹಾ ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುವುದು ಕಾಣುತ್ತಿತ್ತು. ನಾನು ಮಹಡಿ ಹತ್ತಿದೆ, ಇಳಿದೆ, ಯಾರಿಗೂ ಬೇಡದ ನೀರು ತಂದುಕೊಟ್ಟೆ. ಆತ ಬರದೇ ಹೋದರೆ ಈ ಹೆಂಗಸು ಯಾವ ರೈಲಿಗೆ, ಯಾರ ಜೊತೆ ಹೋಗುತ್ತಾರೆ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು. ಶರಣಮ್ಮ ನನ್ನ ಕಡೆ ತಿರುಗಿ, “ಹಿಂಗ ಬಾಯಿ ಬಿಟ್ಟು ಕೇಳಬಾರದಿತ್ತೇನೋ” ಎಂದರು. ಅದನ್ನು ಆಂಟಿಗೆ ಅನುವಾದಿಸಲು ನನಗೆ ಮನಸ್ಸಾಗಲಿಲ್ಲ.

ಆತ ಬಂದ. ಬಾಗಿಲಲ್ಲೇ ನಿಂತು, “ನಮ್ಮಪ್ಪ ಹ್ವಾದ ಮ್ಯಾಲೆ ನಮ್ಮ ಕಾಕಾ ನಮ್ಮವ್ವಗ ಏನೇನು ಅಂದಾನ ಅಂತ ನಾ ಕಣ್ಣಾರೆ ನೋಡೀನಿ. ಬರೀರಿ” ಎಂದ.

ಕನ್ನಡದಲ್ಲಿ ಬರೆಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ಬಹಳ ಗಂಭೀರವಾಗಿ, “ಸದರಿ ಮಹಿಳೆಯೇ ಸದರಿ ಮಗುವಿನ...” ಎಂದು ಓದಿದೆ.

“ಸದರಿ ಅಂದ್ರ ಯಾರ್ರಿ? ನಡುವ ಇನ್ನೊಬ್ಬಾಕಿ ಬಂದ್ಲೇನು?” ಎಂದರು ಶರಣಮ್ಮ.

ಹರಿದು, ವೀರೇಶನೇ ಹೇಳುವ ಹಾಗೆ ಮತ್ತೆ ಬರೆದೆ: ನಾನು ಇರಲಿ ಇಲ್ಲದಿರಲಿ, ನಮ್ಮಿಬ್ಬರ ನಡುವೆ ಏನೇ ಆಗಲಿ, ಶರಣಮ್ಮ ಹೆತ್ತ ಮಗುವಿಗೆ ಶರಣಮ್ಮನೇ ತಾಯಿ. ನಾನಾಗಲಿ ನನ್ನ ಮನೆಯವರಾಗಲಿ ಅಲ್ಲವೆನ್ನುವಂತಿಲ್ಲ. ವೀರೇಶ ಸಹಿ ಹಾಕಿದ. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು, ಆತ ಮುಂದೆ, ಅವರು ಹಿಂದೆ.

ಆ ಸಲ ಗರ್ಭ ನಿಲ್ಲಲಿಲ್ಲ. ಮರು ವರ್ಷವೂ ನಿಲ್ಲಲಿಲ್ಲ. ಅಷ್ಟರಲ್ಲಿ ನಾನು ಆಫೀಸಿಗೆ ಹತ್ತಿರವೆಂದು ಲಿಂಗಂಪಲ್ಲಿಗೆ ಮನೆ ಬದಲಿಸಿದ್ದೆ. ಆಂಟಿ ಫೋನಿನಲ್ಲಿ ಈ ಸುದ್ದಿ ಹೇಳಿದಾಗಲೆಲ್ಲ ನನಗೆ ಮೊದಲು ತೋಚುತ್ತಿದ್ದದ್ದು ಮಗುವಲ್ಲ, ಆ ಸಹಿ. ಮಗುವೇ ಇಲ್ಲದ ಮೇಲೆ ಅವರಿಬ್ಬರ ನಡುವೆ ಉಳಿದದ್ದು ಆ ಶನಿವಾರದ ಮಾತುಗಳು ಮಾತ್ರವೇ? ಈಗ ಮತ್ತೆ ಬರುತ್ತಿದ್ದಾರೆಂದರೆ, ಈ ಸಲ ನಿಜವಾದ ಸೋಡಚೀಟಿಗೇ ಇರಬಹುದೇ? ಕಾಚಿಗೂಡದಲ್ಲಿ ಇಳಿದು ಗಲ್ಲಿ ಮುಟ್ಟುವವರೆಗೂ ಇದೇ.

ವರಾಂಡದಲ್ಲಿ ಶರಣಮ್ಮ ಒಬ್ಬರೇ ಕೂತಿದ್ದರು. ಆಂಟಿ ಒಳಗೆ ಪೂಜೆಯಲ್ಲಿದ್ದರು. ನನ್ನನ್ನು ನೋಡಿದವರೇ, ಹೇಗಿದ್ದೀರಿ ಎಂದೂ ಕೇಳದೆ ಪಕ್ಕಕ್ಕೆ ಕೂರಿಸಿಕೊಂಡರು.

“ಹೊಸಾ ಡಾಕ್ಟರು ಇಬ್ಬರ್ನೂ ತಪಾಸ ಮಾಡಿದ್ರು ಅಕ್ಕಾರ. ನಂದು ಇನ್ನೊಮ್ಮೆ ನೋಡಬಹುದಂತ. ಕೊರತಿ ಅವರ್ದಂತ. ಈ ಸಲ ತತ್ತಿ ನಂದೇ, ಬೀಜ ಹೊರಗಿಂದು.”

“ಇಷ್ಟು ವರ್ಷ ಅವರನ್ನು ಯಾರೂ ಸರಿಯಾಗಿ ನೋಡಿರಲಿಲ್ವಾ?”

“ಯಾರು ನೋಡತಾರ್ರಿ? ಎಲ್ಲಾರೂ ನನ್ನ ನೋಡಾಕತ್ತಿದ್ರು.”

“ಅವರೆಲ್ಲಿ?”

“ಚಾದಂಗಡ್ಯಾಗ. ಒಳಗ ಬರಾಕ ಆಗವಲ್ದು. ರೈಲಿನಾಗ ಒಂದು ಮಾತ ಆಡಿಲ್ಲ.” ಗೇಟಿನ ಕಡೆ ನೋಡಿ ದನಿ ತಗ್ಗಿಸಿದರು. “ಅವ್ರು ಬರೂದರೊಳಗ ಬರೀರಿ. ಕೂಸಿಗೆ ಅಪ್ಪ ಅವ್ರೇ. ನಾಳೆ ನಾ ಸಿಟ್ಟಿಗೆದ್ದು ತವರಿಗೆ ಹೋದ್ರೂ ಅವ್ರೇ ಅಂತ. ಸಹಿ ಹಾಕಿ ಇಟ್ಟಬಿಡತೀನಿ.”

ನಾನು ರೂಢಿಯಂತೆ, “ಆಂಟಿ ಬರಲಿ, ಅವರೂ ಬಂದು ಕೂತ್ಕೊಳ್ಳಲಿ, ಎಲ್ಲ ಮಾತಾಡಿ ಆಮೇಲೆ...” ಎಂದೆ.

“ಮಾತಾಡೂದು ಬ್ಯಾಡ್ರಿ. ಅವತ್ತು ನಾ ಕೇಳಿ ಬರಸ್ಕೊಂಡೆ. ಅದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ಅವ್ರು ಹಂಗ ಬಾಯಿ ಬಿಟ್ಟು ಕೇಳೂದು ಬ್ಯಾಡ.”

ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದೆ. ಅನುವಾದಿಸಬೇಕಾದ್ದು ಏನೂ ಇರಲಿಲ್ಲ. ವೀರೇಶ ಗೇಟಿನ ಚಿಲಕ ತೆಗೆಯುವ ಹೊತ್ತಿಗೆ ಶರಣಮ್ಮ ಸಹಿ ಹಾಕುತ್ತಿದ್ದರು.