ಹುರುಳಿಗೆ ಹೆದರಿದ ಕಾರು

ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದಾಗ ನಮ್ಮ ರಸ್ತೆಗೆ ಡ್ರೈವರ್ ಬೇಡದ ಕಾರೊಂದು ಬಂದಿತ್ತು. ಅದನ್ನು ಅಡ್ಡಗಟ್ಟಿದವಳು ನಾನೇ ಎಂದು ಚಿಕ್ಕರಸಿನಕೆರೆ ಕಡೆ ಈಗಲೂ ಹೇಳುತ್ತಾರೆ. ನಾನೂ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಿಜವಾಗಿ ಅಡ್ಡಗಟ್ಟಿದ್ದು ನಮ್ಮವ್ವನ ಹುರುಳಿ.

ಹುರುಳಿ ಕಿತ್ತ ಮೇಲೆ ಈಗ ಕಣ ಮಾಡುವವರು ಕಡಿಮೆ. ಗಿಡಗಳನ್ನು ಡಾಂಬರು ರಸ್ತೆಗೆ ಹಾಸಿಬಿಡುತ್ತೇವೆ. ಬಸ್ಸು, ಟ್ರ್ಯಾಕ್ಟರು, ಹಾಲಿನ ಟೆಂಪೊ ಎಲ್ಲವೂ ಅದರ ಮೇಲೆ ಹಾದು ಕಾಳು ಉದುರಿಸಿಕೊಟ್ಟು ಹೋಗುತ್ತವೆ. ಬೈಕಿನವರು ಜಾರಿ ಬಿದ್ದು ಬೈಯುವುದೂ ಉಂಟು. ಅದಕ್ಕೇ ರಸ್ತೆಯಲ್ಲಿ ಒಕ್ಕಣೆ ಮಾಡಕೂಡದೆಂದು ಮೇಲಿನಿಂದ ಆದೇಶ ಬಂದಿತ್ತು. ಆಟೋಗೆ ಮೈಕು ಕಟ್ಟಿಸಿ ಅದನ್ನು ಸಾರಿಸಿದವಳು ನಾನೇ. ಆಟೋ ತಿರುವು ದಾಟುವುದನ್ನೇ ಕಾದು ನಮ್ಮವ್ವ ಹುರುಳಿ ಹಾಸಿದಳು.

ಮಧ್ಯಾಹ್ನ ಮೋಡ ಕಟ್ಟುತ್ತಿರುವಾಗ ಕಚೇರಿಗೆ ಅವಳ ಫೋನು.

“ಲೇ, ಬಿರ್ನೆ ಬಾರವ್ವ. ಯಾವ್ದೋ ಕಾರು ನಮ್ ಉಳ್ಳಿ ನೋಡಿ ಎದ್ರುಕೊಂಡು ನಿಂತ್ಬುಟ್ಟದೆ. ಇಂದೆ ಇರೋ ಗಾಡಿಗೂ ದಾರಿ ಬುಡ್ತಿಲ್ಲ. ಮಳೆ ಬಂದ್ರೆ ಕಾಳೆಲ್ಲ ನೆಂದು ಮೊಳ್ಕೆ ಬತ್ತದೆ ಕಣೆ!”

ಹೋಗಿ ನೋಡಿದೆ. ಬಿಳಿ ಕಾರು, ಅದರ ತಲೆಯ ಮೇಲೆ ಗಿರಗಿರ ತಿರುಗುವ ಡಬ್ಬಿ. ಸ್ಟೀರಿಂಗ್ ಮುಂದೆ ಒಬ್ಬ ಇಂಜಿನಿಯರು ಕೈಕಟ್ಟಿ ಕೂತಿದ್ದ. ರಸ್ತೆಯ ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಕಬ್ಬಿನ ಗದ್ದೆ. ಕಾರಿನ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಅದರ ಹಿಂದೆ ಮಳವಳ್ಳಿ ಬಸ್ಸು. ಹುರುಳಿ ತುಳಿಯಬೇಕಾದವೆಲ್ಲ ಸಾಲಾಗಿ ನಿಂತಿದ್ದವು.

“ಕಾರು ಇದನ್ನ ಗೋಡೆ ಅಂದ್ಕೊಂಡಿದೆ ಮೇಡಂ,” ಎಂದ ಇಂಜಿನಿಯರು. “ನಾನು ಸ್ಟೀರಿಂಗ್ ಮುಟ್ಟಿದ್ರೆ ಟೆಸ್ಟ್ ಫೇಲು. ಇದನ್ನ ತೆಗೆಸಿಕೊಡಿ.”

“ತಗೀರಿ ಅನ್ನಾಕೆ ನೀನ್ಯಾರಪ್ಪ?” ಅವ್ವ ಕವೆಗೋಲು ಊರಿಕೊಂಡು ಕಾರಿನ ಮುಂದೆ ನಿಂತಳು.

“ನಮಗೆ ರಾಜ್ಯ ಸರ್ಕಾರದ ಪರ್ಮಿಷನ್ ಇದೆ, ಅಜ್ಜಿ.”

“ನಮ್ ಪಂಚಾಯ್ತಿದು?” ಎಂದೆ ನಾನು.

“ರಾಜ್ಯನೇ ಕೊಟ್ಮೇಲೆ ಪಂಚಾಯ್ತಿದು ಯಾಕೆ ಮೇಡಂ?”

“ಅಂಗಾರೆ ಈ ರಸ್ತೇಲಿ ಗುಂಡಿ ಬಿದ್ರೆ ಜನ ಬೆಂಗ್ಳೂರ್ಗೆ ಓಗಿ ಕೇಳ್ತಾರಾ? ಈವಮ್ಮನ ಮನೆ ಬಾಗ್ಲಿಗೆ ಬಂದು ತಾನೆ ಉಗಿಯೋದು?” ಎಂದಳು ಅವ್ವ, ನಾನು ಯಾರೋ ಎಂಬಂತೆ ಕೈ ತೋರಿಸಿ. ಮಗಳೆಂದು ಅವಳೂ ಹೇಳಲಿಲ್ಲ, ಅವ್ವನೆಂದು ನಾನೂ ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹಾಲು ಕರೆದು ಡೇರಿಗೆ ಹಾಕಿ, ಮಂಡ್ಯದ ಬಸ್ಸಿನಲ್ಲಿ ನಿಂತುಕೊಂಡೇ ರಾಜ್ಯಶಾಸ್ತ್ರ ಓದಿದವಳು. ಯಾವ ಅಧಿಕಾರ ರಾಜ್ಯದ್ದು, ಯಾವುದು ಪಂಚಾಯಿತಿಯದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಾಗಾಗಿ ಚೆನ್ನಾಗಿಯೇ ಗೊತ್ತಿತ್ತು: ಕಾರು ಬೇಡ ಎನ್ನುವ ಅಧಿಕಾರ ನನಗಿಲ್ಲ. ಹುರುಳಿ ಇರಲಿ ಎನ್ನುವ ಅಧಿಕಾರವಂತೂ ಇಲ್ಲವೇ ಇಲ್ಲ.

“ಪೊಲೀಸರಿಗೆ ಫೋನ್ ಮಾಡ್ತೀನಿ,” ಎಂದ ಇಂಜಿನಿಯರು.

ಪೊಲೀಸರು ಬಂದರೆ ಮೊದಲು ಕೇಳುವುದೇ ಹುರುಳಿ ಯಾರದೆಂದು. ಆದರೂ ಗತ್ತು ಬಿಡಲಿಲ್ಲ.

“ಮಾಡಿ. ಹುರುಳಿ ಗಿಡನ ಕಾರು ಗೋಡೆ ಅಂದ್ಕೊಳ್ತು ಅಂತಾನೂ ಬರೆಸಿ. ಪೇಪರಿನವರನ್ನ ನಾನೇ ಕರೆಸ್ತೀನಿ.”

ಅವನು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ. ಮೇಲಿನವರು ಬರುವುದು ಅವನಿಗೂ ಬೇಡ, ನನಗೂ ಬೇಡ. ಸ್ಥಳೀಯ ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ನಿಂತಲ್ಲೇ ನಿಯಮ ಮಾಡಿದೆ. ನಮ್ಮ ಗಡಿಯೊಳಗೆ ಈ ಕಾರನ್ನು ಮನುಷ್ಯರೇ ಓಡಿಸಬೇಕು. ದಾರಿ ಕಟ್ಟಿದ್ದಕ್ಕೆ ದಂಡವಾಗಿ, ಕಾಳು ಬಿಡುವವರೆಗೆ ಹುರುಳಿಯ ಮೇಲೆ ಹೋಗಿ ಬರಬೇಕು. ಬಸ್ಸಿನ ಕಂಡಕ್ಟರು ಸೀಟಿ ಊದಿ ಅಂಗೀಕರಿಸಿದ.

ಇಂಜಿನಿಯರು ಸ್ಟೀರಿಂಗ್ ಹಿಡಿದ, ಕಾರು ದಾಟಿತು. ಹಿಂದೆಯೇ ಟ್ರ್ಯಾಕ್ಟರು, ಬಸ್ಸು ಚರಚರ ತುಳಿದುಕೊಂಡು ಹೋದವು. ಆಮೇಲೆ ಶುರುವಾಯಿತು ದಂಡ. ಅವ್ವ ಕಣದ ಎತ್ತಿಗೆ ಹೇಳುವಂತೆಯೇ ಹೇಳುತ್ತಿದ್ದಳು.

“ಇಂದಕ್ ಬಾ... ಓಯ್, ಅಂಚಿಗೆ ಓಗ್ಲಾ, ನಡುಮಧ್ಯ ಆಯ್ತು... ಎಡಕ್ಕೆ ಕಣಪ್ಪ, ಎಡಕ್ಕೆ!”

ಹುರುಳಿಯ ಹತ್ತಿರ ಬಂದಾಗಲೆಲ್ಲ ಕಾರು ಗೋಡೆ ಕಂಡು ಕೀಂಕೀಂ ಎಂದು ಬಾಯಿ ಬಡಿದುಕೊಳ್ಳುತ್ತಿತ್ತು.

“ಅದ್ಯಾಕಪ್ಪ ಅಂಗ್ ಅರಚ್ಕೊಳ್ತದೆ? ಒಟ್ಟೆಗೇನಾರ ಆಕಿದ್ದೀಯೋ ಇಲ್ವೋ?”

ಗಾಳಿ ಎದ್ದಿತು. ತೂರುವುದಕ್ಕೆ ಹೊತ್ತಿರಲಿಲ್ಲ. ಹೊಟ್ಟು ಸಮೇತ ಗುಡಿಸಿ ಚೀಲಗಳಿಗೆ ತುಂಬಿದೆವು. ಕೊನೆಯ ಚೀಲವನ್ನು ಇಂಜಿನಿಯರೇ ಹೊತ್ತು ತಿರುವಿನ ಡೇರಿಯ ಜಗಲಿಗೆ ಇಳಿಸಿದ. ದಪ್ಪ ಹನಿಗಳು ಬಿದ್ದವು, ಬರಿಯ ಡಾಂಬರಿನ ಮೇಲೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಬೆನ್ನು ತಟ್ಟಿದಳು.

“ಚೆಂದಾಗಿ ತುಳೀತು ಕಣಪ್ಪ ನಿನ್ ಕಾರು. ನಾಡಿದ್ದು ನಮ್ ಓರಗಿತ್ತಿ ರಸ್ತೆಗೆ ಅಲಸಂದೆ ಆಸ್ತಾಳೆ, ಬಂದ್ಬುಡು. ಪರ್ಮಿಷನ್ಗೆ ಯೋಚ್ನೆ ಮಾಡ್ಬೇಡ, ಅಧ್ಯಕ್ಷೆ ನನ್ ಮಗಳೇ.”

ಇಂಜಿನಿಯರು ನನ್ನ ಕಡೆ ತಿರುಗಿದ. ನಾನು ಮಳೆ ಎಷ್ಟು ಜೋರಾಗಬಹುದೆಂದು ಆಕಾಶ ನೋಡುತ್ತಿದ್ದೆ.