ಶನಿವಾರದ ಮೆಟ್ಟಿಲು

ಹಾರ್ಟ್‌ಲಿಂಗೆನ್ ಎಂಬ ಜರ್ಮನ್ ಊರಿನ ಸಂಜೆ ಶಾಲೆಯಲ್ಲಿ ಎಸ್ಫಿರ್ ಗೊರೆಲಿಕ್ ಭಾಷಣಕ್ಕೆ ನಿಂತರೆ ಮೊದಲು ಕಿಟಕಿಗಳನ್ನು ತೆರೆಸುತ್ತಿದ್ದಳು. ತೂಕಡಿಸುವವರಿಗೆ ಏನು ಹೇಳಿದರೂ ದಂಡ ಎಂಬುದು ಅವಳ ಅಭಿಪ್ರಾಯ. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಖಾಲಿ ಚೀಟಿ. ಯಹೂದಿಗಳ ಬಗ್ಗೆ ಮನೆಯಲ್ಲಿ, ಕೆಲಸದ ಜಾಗದಲ್ಲಿ ಕೇಳಿದ್ದನ್ನು, ಇಲ್ಲವೇ ತಮಗೇ ಅನ್ನಿಸಿದ್ದನ್ನು ಅದರಲ್ಲಿ ಬರೆಯಬೇಕು, ಹೆಸರು ಹಾಕಬಾರದು. ಚೀಟಿಗಳು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿದ್ದವು. ಡಬ್ಬಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವುದು, ಬರೆದವರು ಯಾರೆಂದು ಎಂದೂ ಹುಡುಕದಿರುವುದು, ಇವು ಅವಳ ನಿಯಮ. ಆರು ವರ್ಷ ಇವನ್ನು ಅವಳು ಮುರಿದಿರಲಿಲ್ಲ.

ಅವಳೇನೂ ಹುಟ್ಟು ಭಾಷಣಕಾರಳಲ್ಲ. ಬೆಲಾರೂಸಿನ ವಿತೆಬ್ಸ್ಕ್‌ನವಳು, ರೈಲು ಸೇತುವೆಗಳ ಎಂಜಿನಿಯರ್. ಲೆನಿನ್‌ಗ್ರಾಡಿನ ಸಂಸ್ಥೆಯೊಂದು ಅವಳ ಪರೀಕ್ಷೆಯ ಅಂಕ ನೋಡಿ ಒಳಗೆ ಕರೆದು, ಪಾಸ್‌ಪೋರ್ಟಿನ ಜನಾಂಗ ನಮೂದಿಸುವ ಐದನೆಯ ಸಾಲಿನಲ್ಲಿ ‘ಯಹೂದಿ’ ಎಂದಿದ್ದುದನ್ನು ನೋಡಿ ಹೊರಗೆ ಕಳಿಸಿತ್ತು. ಅವಳು ಅಳಲಿಲ್ಲ, ಗೋಮೆಲ್‌ಗೆ ಹೋಗಿ ಅದೇ ವಿದ್ಯೆ ಕಲಿತಳು. ಐವತ್ತರ ಹತ್ತಿರ, ೧೯೯೫ರಲ್ಲಿ, ಮುದುಕಿ ತಾಯಿಯನ್ನು ಕರೆದುಕೊಂಡು ಜರ್ಮನಿಗೆ ಬಂದಳು. ಇಲ್ಲಿ ಅವಳ ಪದವಿಯನ್ನು ಯಾರೂ ಒಪ್ಪಲಿಲ್ಲ. ಒಂಬತ್ತು ವರ್ಷ ಕಚೇರಿಗಳ ನೆಲ ಒರೆಸಿದಳು, ಆಮೇಲೆ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದಳು.

ಊರಾಚೆಯ ಯಹೂದಿ ಸ್ಮಶಾನದಲ್ಲಿ ಯಾರೋ ಹದಿನೇಳು ಸಮಾಧಿ ಕಲ್ಲುಗಳನ್ನು ಉರುಳಿಸಿದ ವರ್ಷ ಸಂಜೆ ಶಾಲೆಯ ಮೇಲ್ವಿಚಾರಕ ಓಟ್ಮಾರ್ ಕ್ರೆಸ್ ಅವಳನ್ನು ಹುಡುಕಿಕೊಂಡು ಬಂದ. ಊರಿನಲ್ಲಿ ಬದುಕಿರುವ ಯಹೂದಿ ಎಂದರೆ ಅವನಿಗೆ ಗೊತ್ತಿದ್ದವಳು ಇವಳೊಬ್ಬಳೇ. ಬಂದು ನಿಮ್ಮ ಕಷ್ಟ ಹೇಳಿ, ಕೊನೆಯಲ್ಲಿ ಪಿಟೀಲು ಬಾರಿಸಲು ಒಬ್ಬರನ್ನು ಕರೆಸುತ್ತೇವೆ ಎಂದ. ತಾನು ಪ್ರದರ್ಶನದ ವಸ್ತುವಲ್ಲ, ತನ್ನ ಸ್ವಂತ ಬದುಕಿನ ಒಂದು ಮಾತನ್ನೂ ಆಡುವುದಿಲ್ಲ, ಪಿಟೀಲು ಬೇಡ, ಕಿಟಕಿ ಇರುವ ಕೋಣೆ ಬೇಕು ಎಂದು ಎಸ್ಫಿರ್ ಷರತ್ತು ಹಾಕಿದಳು. ಓಟ್ಮಾರ್ ಒಪ್ಪಿದ.

ಅವಳ ಕ್ರಮ ಎಂಜಿನಿಯರಿನದು. ಒಂದು ಮಾತನ್ನು ಸೇತುವೆಯಂತೆ ಕಪ್ಪು ಹಲಗೆಯ ಮೇಲೆ ಬರೆಯುವಳು; ಇದರ ಭಾರ ಎಲ್ಲಿ ನಿಂತಿದೆ, ಕೆಳಗಿನ ಕಂಬ ಯಾವುದು, ಆ ಕಂಬಕ್ಕೆ ಇಷ್ಟು ಭಾರ ಹೊರುವ ಶಕ್ತಿ ಇದೆಯೇ ಎಂದು ಕೇಳುವಳು. ಪತ್ರಿಕೆಗಳೆಲ್ಲ ಯಹೂದಿಗಳ ಕೈಯಲ್ಲಿವೆ ಎಂಬ ಚೀಟಿ ವರ್ಷವರ್ಷವೂ ಬರುತ್ತಿತ್ತು. ಹಾಗಿದ್ದರೆ ಈ ಭಾಷಣದ ಜಾಹೀರಾತಿನಲ್ಲಿ ನನ್ನ ಹೆಸರು ಮೂರು ಸಲ ಮೂರು ರೀತಿ ತಪ್ಪಾಗಿ ಅಚ್ಚಾದದ್ದೇಕೆ ಎಂದು ಅವಳು ಮುಖ ಸಡಿಲಿಸದೆ ಕೇಳಿದರೆ ಕೋಣೆ ನಗುತ್ತಿತ್ತು. ನಗು ನಿಂತ ಮೇಲೆ ಆ ಮಾತು ಎಲ್ಲಿ ಹುಟ್ಟಿತು, ಯಾರು ಅಚ್ಚು ಹಾಕಿಸಿದರು, ಅದನ್ನು ನಂಬಿದವರು ಇದೇ ಊರಿನ ಯಾವ ಬೀದಿಯಲ್ಲಿ ಯಾರ ಅಂಗಡಿಗೆ ಕಲ್ಲು ಹೊಡೆದರು ಎಂದು ಹೇಳುತ್ತಿದ್ದಳು. ಆಗ ಯಾರೂ ನಗುತ್ತಿರಲಿಲ್ಲ.

ಅವಳ ಮನೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ನೆಲಮಟ್ಟದಲ್ಲಿ ಮುಚ್ಚಿದ ಹೊಲಿಗೆ ಅಂಗಡಿ, ಮೊದಲ ಮಹಡಿಯಲ್ಲಿ ಅಂಚೆ ಕಚೇರಿಯ ಹಿಲ್ಡ್ರುನ್ ಷೊಯ್ಫೆಲೆ. ಹಿಲ್ಡ್ರುನ್ ವಿಧವೆ, ಮಾತು ಒರಟು, ಕೈ ದೊಡ್ಡದು. ಎಸ್ಫಿರಳ ತಾಯಿ ಹಾಸಿಗೆ ಹಿಡಿದ ಏಳು ತಿಂಗಳು ದಿನಾ ಒಂದು ಪಾತ್ರೆ ಸಾರು ಮೇಲೆ ಹತ್ತಿ ಬರುತ್ತಿತ್ತು. ತಾಯಿ ಹೋದ ಮೇಲೆ ಭಾನುವಾರದ ಕಾಫಿ ಇಬ್ಬರದೂ ಒಟ್ಟಿಗೆ. ಎಸ್ಫಿರಳಿಗೆ ಆ ಊರಿನಲ್ಲಿ ಬಾಗಿಲು ಬಡಿಯದೆ ಒಳಗೆ ಹೋಗಬಹುದಾದ ಮನೆ ಅದೊಂದೇ.

ಆ ಕಡೆಯ ಊರುಗಳಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಮರದ ಹಲಗೆ ತೂಗುತ್ತದೆ. ಕೆಲಸ ಶನಿವಾರ ಆಗಬೇಕು, ಭಾನುವಾರಕ್ಕೆ ಮೆಟ್ಟಿಲು ಹೊಳೆಯಬೇಕು. ಎಸ್ಫಿರ್ ಮಾತ್ರ ಶುಕ್ರವಾರ ನಾಲ್ಕು ಗಂಟೆಗೇ ಮುಗಿಸುತ್ತಿದ್ದಳು. ಅವಳಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಆದರೆ ಶನಿವಾರ ಯಹೂದಿಗಳಿಗೆ ಯಾವ ಕೆಲಸವನ್ನೂ ಮಾಡಬಾರದ ದಿನ; ಅಂದು ಬಕೆಟ್ಟು ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತು ಕೊಟ್ಟದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳದಿರುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು.

ಏಳನೆಯ ವರ್ಷದ ಮೊದಲ ಭಾಷಣ ಒಂದು ಬುಧವಾರ. ಮೂವತ್ತೆಂಟು ಜನ. ಹಿಲ್ಡ್ರುನ್ ಅಲ್ಲಿಗೆ ಬಂದದ್ದು ಅದೇ ಮೊದಲು. ಮೂರನೆಯ ಸಾಲಿನಲ್ಲಿ ಕುಳಿತು, ಚೀಟಿಯನ್ನು ತೊಡೆಯ ಮೇಲಿಟ್ಟು, ಅರ್ಜಿ ತುಂಬುವವಳಂತೆ ಬರೆದಳು. ಅನ್ನಿಸಿದ್ದನ್ನು ಬರೆಯಿರಿ ಎಂದರೆ ಅನ್ನಿಸಿದ್ದನ್ನೇ ಬರೆಯುವ ಹೆಂಗಸು ಅವಳು.

ಹನ್ನೊಂದನೆಯ ಚೀಟಿ ಬಿಚ್ಚಿದಾಗ ಎಸ್ಫಿರ್ ಅಕ್ಷರ ಗುರುತಿಸಿದಳು. ಗ್ಯಾಸಿನವನು ಬಂದಿದ್ದ, ನಾಳೆ ನೀರು ಬರುವುದಿಲ್ಲ ಎಂದು ಹದಿನೈದು ವರ್ಷದಿಂದ ತನ್ನ ಬಾಗಿಲಿಗೆ ಅಂಟುತ್ತಿದ್ದ ಅಕ್ಷರ ಅದು. ‘ಅವರು ತಮ್ಮ ಕೆಲಸವನ್ನು ಬೇರೆಯವರ ಮೇಲೆ ಹಾಕುತ್ತಾರೆ ಎಂದು ನನ್ನ ತಂದೆ ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಆದರೆ ನಮ್ಮ ಮೇಲಿನ ಮನೆಯವರು ಒಂದು ಶನಿವಾರವೂ ಮೆಟ್ಟಿಲು ಗುಡಿಸಿಲ್ಲ. ಅವರ ಸರದಿಯನ್ನೂ ನಾನೇ ಮಾಡುತ್ತೇನೆ. ಅಂದರೆ ಆ ಮಾತು ನಿಜವೇ.’

ಅದನ್ನು ಅವಳು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಪಕ್ಕದಲ್ಲಿದ್ದ ಓಟ್ಮಾರ್ ಚೀಟಿಯತ್ತ ಬಾಗಿ ಓದಿ, ಇದೊಂದನ್ನು ಬಿಟ್ಟುಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದು ಪಿಸುಗುಟ್ಟಿದ. ಓದಿದರೆ ಕೆಳಗಿನ ಮನೆಯ ಬಾಗಿಲು ಮುಚ್ಚಿಹೋಗಬಹುದು. ಈ ಊರಿನಲ್ಲಿ ಯಾರು ಯಾರ ಮೇಲೆ ವಾಸವಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಬಿಟ್ಟರೆ ಆರು ವರ್ಷ ಬೇರೆಯವರ ಅಪ್ಪ, ಅಜ್ಜಂದಿರ ಮಾತನ್ನು ಹಲಗೆಗೆ ಏರಿಸಿದವಳು ತನ್ನ ಮನೆಯ ಮಾತನ್ನು ಚೀಲಕ್ಕೆ ಹಾಕಿಕೊಂಡಂತೆ. ಎಸ್ಫಿರ್ ಕನ್ನಡಕ ಸರಿಮಾಡಿಕೊಂಡು, ಒಂದು ಪದ ಬಿಡದೆ, ಉಳಿದ ಚೀಟಿಗಳನ್ನು ಓದಿದ ಧ್ವನಿಯಲ್ಲೇ ಓದಿದಳು. ಹಲವು ತಲೆಗಳು ಮೂರನೆಯ ಸಾಲಿನ ಕಡೆ ತಿರುಗಿದವು.

“ಆ ಕಡೆ ಏನು ನೋಡ್ತೀರಿ? ಹಲಗೆ ಈ ಕಡೆ ಇದೆ,” ಎಂದಳು.

ಚೀಟಿಯಲ್ಲಿ ಎರಡು ಮಾತಿವೆ ಎಂದು ಅವಳು ಬರೆದು ತೋರಿಸಿದಳು. ಶನಿವಾರ ಮೆಟ್ಟಿಲು ಗುಡಿಸಿಲ್ಲ ಎಂಬುದು ಒಂದು, ಅದು ನಿಜ. ಏಕೆಂದರೆ ಆ ಮೇಲಿನ ಮನೆಯವಳು ತಾನು, ಹದಿನೈದು ವರ್ಷದಿಂದ ಶುಕ್ರವಾರವೇ ಗುಡಿಸಿ ಒರೆಸುತ್ತಿದ್ದೇನೆ, ತಾಯಿಗೆ ಕೊಟ್ಟ ಮಾತು ಹೀಗೆ ಎಂದಳು. ಆ ಕೋಣೆಯಲ್ಲಿ ಅವಳು ತನ್ನ ಸ್ವಂತ ಬದುಕಿನ ಬಗ್ಗೆ ಆಡಿದ ಮೊದಲ ಮಾತು ಅದು.

ಮೂರನೆಯ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು.

“ಶುಕ್ರವಾರನಾ?” ಎಂದಳು ಹಿಲ್ಡ್ರುನ್. ಶುಕ್ರವಾರ ಅವಳಿಗೆ ಅಂಚೆ ಕಚೇರಿಯಲ್ಲಿ ಆರು ಗಂಟೆಯವರೆಗೆ ಕೆಲಸ. “ಅಲ್ರೀ ಫ್ರೌ ಗೊರೆಲಿಕ್, ಒಂದ್ ಮಾತು ಹೇಳೋದಲ್ವಾ? ಒರೆಸಿದ ಮೆಟ್ಟಿಲನ್ನೇ ಮತ್ತೆ ಒರೆಸಿ ಒರೆಸಿ ನನ್ನ ಮಂಡಿ ಹೋಯ್ತು.”

“ನೀವು ಒಂದ್ ಮಾತು ಕೇಳೋದಲ್ವಾ ಫ್ರೌ ಷೊಯ್ಫೆಲೆ? ಭಾನುವಾರ ಭಾನುವಾರ ಎದುರಿಗೇ ಕೂತಿರ್ತಿದ್ನಲ್ಲ.”

ಯಾರೋ ನಗಲು ಹೋಗಿ ಕೆಮ್ಮಿದರು. ಎಸ್ಫಿರ್ ಹಲಗೆಗೆ ತಿರುಗಿ, ‘ಅವರು ತಮ್ಮ ಕೆಲಸವನ್ನು ಬೇರೆಯವರ ಮೇಲೆ ಹಾಕುತ್ತಾರೆ’ ಎಂಬ ಎರಡನೆಯ ಮಾತಿನ ಕೆಳಗೆ ಗೆರೆ ಎಳೆದಳು.

“ಹೇಳದೆ ಇದ್ದದ್ದು ನನ್ನ ತಪ್ಪು. ಒಪ್ಪಿದೆ. ಆದ್ರೆ ಒಂದು ಪೊರಕೆಯಿಂದ ಒಂದು ಜನಾಂಗಕ್ಕೆ ಹಾರಿದ್ದು ನನ್ನ ತಪ್ಪಲ್ಲ. ನಿಮ್ಮ ಅಣ್ಣ ಅವನ ಕಟ್ಟಡದಲ್ಲಿ ಸರದಿ ತಪ್ಪಿಸ್ತಾನೆ ಅಂತ ನೀವೇ ಹೇಳ್ತಿದ್ರಿ. ಆಗ ನಿಮ್ಮ ಜನರೆಲ್ಲ ಸೋಮಾರಿಗಳು ಅಂತ ಅನ್ನಿಸ್ತಾ?”

ಹಿಲ್ಡ್ರುನ್ ಯಾರಾದರೂ ಪ್ರಶ್ನೆ ಕೇಳಿದರೆ ಯೋಚಿಸಿಯೇ ಹೇಳುವವಳು.

“ಇಲ್ಲ,” ಎಂದಳು ಕೊನೆಗೆ. “ಅಣ್ಣ ಸೋಮಾರಿ ಅಂತ ಅಷ್ಟೇ ಅನ್ನಿಸ್ತು. ನಿಮ್ಮ ವಿಷಯಕ್ಕೆ ಅಪ್ಪನ ಮಾತು ಮೊದಲೇ ರೆಡಿ ಇತ್ತು.”

ಇದಕ್ಕಿಂತ ಚೆನ್ನಾಗಿ ತಾನೂ ಹೇಳಲಾರೆ ಎಂದು ಎಸ್ಫಿರಳಿಗೆ ಅನ್ನಿಸಿತು. ಆ ಮಾತನ್ನು ಹಾಗೆಯೇ ಹಲಗೆಯ ಮೇಲೆ ಬರೆದು, ಹನ್ನೆರಡನೆಯ ಚೀಟಿ ಬಿಚ್ಚಿದಳು.

ಆ ಭಾನುವಾರ ಕಾಫಿ ಇರಲಿಲ್ಲ. ಮರುವಾರವೂ ಇಲ್ಲ. ಎಸ್ಫಿರ್ ಬಾಗಿಲು ಬಡಿಯಲೂ ಇಲ್ಲ, ಓದಿದ್ದಕ್ಕೆ ಪಶ್ಚಾತ್ತಾಪ ಪಡಲೂ ಇಲ್ಲ. ಅವಳ ಸರದಿ ಬಂದಾಗ ಮರದ ಹಲಗೆ ಎಂದಿನಂತೆ ಬಾಗಿಲಿಗೆ ತೂಗಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಪೊರಕೆ, ಬಕೆಟ್ಟು ಹಿಡಿದು ಕೆಳಗಿಳಿದರೆ ಮೊದಲ ಮಹಡಿಯ ಬಾಗಿಲು ತೆರೆದಿತ್ತು. ಹಿಲ್ಡ್ರುನ್ ಅಂಚೆ ಕಚೇರಿಯಲ್ಲಿ ಎರಡು ಗಂಟೆ ರಜೆ ಕೇಳಿ ಬಂದು, ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಇವಳು ಗುಡಿಸಿದಳು, ಒರೆಸಿದಳು, ಬಟ್ಟೆ ಹಿಂಡಿದಳು. ಅವಳು ಕೊನೆಯ ಮೆಟ್ಟಿಲಿನವರೆಗೂ ನೋಡಿದಳು.

ಆಮೇಲೆ ಎದ್ದು ಬಂದು, ಮಂಡಿ ಹಿಡಿದುಕೊಂಡು ಬಾಗಿ, ಗೋಡೆಯ ಸಂದಿಯಲ್ಲಿ ಬೆರಳು ಎಳೆದು, ಆ ಬೆರಳನ್ನು ಎಸ್ಫಿರಳ ಮುಖಕ್ಕೆ ಹಿಡಿದಳು.

“ಮೂಲೆ ಬಿಟ್ಟಿದ್ದೀರಿ ಫ್ರೌ ಗೊರೆಲಿಕ್. ಇದಕ್ಕೂ ನಿಮ್ಮ ತಾಯಿ ಮಾತು ತಗೊಂಡಿದ್ರಾ?”

“ಇಲ್ಲ. ಇದು ನನ್ನದೇ ಸೋಮಾರಿತನ,” ಎಂದು ಎಸ್ಫಿರ್ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು.